ಪಾಲು, ಹಾಲು, ಆಲು

ದಲಿತ ವಿಮರ್ಶೆ ಅಂದ ಕೂಡಲೇ ನಾವು ಕತೆ, ಕಾವ್ಯ, ಆತ್ಮಕತೆಗಳ ಕಡೆಗೇ ತಿರುಗುತ್ತೇವೆ. ಆದರೆ ದಿನಾ ಬೆಳಿಗ್ಗೆ ತರಗತಿಗಳಲ್ಲೂ ಒಂದು ಓದು ನಡೆಯುತ್ತಿರುತ್ತದೆ. ಮೇಷ್ಟ್ರು ಮಗುವನ್ನು ಓದುತ್ತಾರೆ, ಬಹಳ ಸಲ ತಪ್ಪಾಗಿ ಓದುತ್ತಾರೆ. ದೇವನೂರ ಮಹಾದೇವರ ‘ಕುಸುಮಬಾಲೆ’ ಬಂದಾಗ ಅದರ ಭಾಷೆ ಅರ್ಥವಾಗಲ್ಲ ಅಂದವರು ಬಹಳ ಮಂದಿ ಇದ್ದರು. ಆಮೇಲೆ ಓದುಗರೇ ಆ ಭಾಷೆಗೆ ಕಿವಿಗೊಡುವುದನ್ನು ಕಲಿತರು. ಆ ಸೌಜನ್ಯ ಒಂದನೇ ಕ್ಲಾಸಿನ ದಲಿತ ಮಗುವಿಗೆ ಇನ್ನೂ ದಕ್ಕಿಲ್ಲ.

ನಾನು ಪಾಠ ಮಾಡುವುದು ಹಲಸೂರಿನ ಕಡೆ. 1809ರ ಹೊತ್ತಿಗೆ ಇಲ್ಲಿ ಬ್ರಿಟಿಷರ ದಂಡು ನೆಲೆಯೂರಿತು. ಅದರ ಬೆನ್ನಿಗೆ ತಮಿಳು ಸೀಮೆಯಿಂದ ಅಡುಗೆ, ಕುದುರೆಲಾಯ, ಕಕ್ಕಸು ಬಳಿಯುವ ಕೆಲಸಗಳಿಗೆ ಬಂದವರಲ್ಲಿ ಅಸ್ಪೃಶ್ಯ ಜಾತಿಗಳವರೂ ಇದ್ದರು. 1949ರಲ್ಲಿ ಪೇಟೆ, ದಂಡು ಎರಡೂ ಸೇರಿ ಒಂದೇ ಪಾಲಿಕೆಯಾದವು. ಅವರ ಮರಿಮಕ್ಕಳ ಮನೆಮಾತು ಮಾತ್ರ ಇನ್ನೂ ತಮಿಳೇ. ಕನ್ನಡದ ದಲಿತ ಚರ್ಚೆಗಳಲ್ಲಿ ಇವರ ಸುದ್ದಿ ಅಪರೂಪ, ಭಾಷೆಯ ಚಳವಳಿಗಳಿಗಂತೂ ಇವರು ಹೊರಗಿನವರು. ಅದೇ ಬೆಂಚಿನಲ್ಲಿ ಶಿವಾಜಿನಗರದ ದಖ್ಖನಿ ಹುಡುಗಿ ಇರುತ್ತಾಳೆ, ಮಂಡ್ಯ, ಚಾಮರಾಜನಗರದ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಮಗನೂ ಇರುತ್ತಾನೆ.

ಹಾಲಿನ ಚಿತ್ರ ತೋರಿಸಿ. ತಮಿಳು ಮಗು ‘ಪಾಲು’ ಅನ್ನುತ್ತೆ. ಮಂಡ್ಯದ ಮಗು ‘ಆಲು’ ಅನ್ನುತ್ತೆ. ಎರಡಕ್ಕೂ ಕೆಂಪು ಗೀಟು ಬೀಳುತ್ತೆ. ಆದರೆ ಪಂಪ ಬರೆದ 941ರ ಕನ್ನಡದಲ್ಲಿ ಇದ್ದದ್ದು ‘ಪಾಲ್’. ಆಮೇಲೆ ಪಕಾರ ಹಕಾರವಾಯಿತು, ಕೆಲವು ಸೀಮೆಗಳ ಬಾಯಲ್ಲಿ ಆ ಹಕಾರವೂ ಉದುರಿತು. ಪುಲಿ, ಹುಲಿ, ಉಲಿಯ ಕತೆಯೂ ಇದೇ. ಅಂದರೆ ಒಂದು ಮಗು ನುಡಿಯ ಹಳೇ ಮೆಟ್ಟಿಲ ಮೇಲಿದೆ, ಇನ್ನೊಂದು ಮುಂದಿನ ಮೆಟ್ಟಿಲ ಮೇಲಿದೆ. ನಡುವಿನ ಮೆಟ್ಟಿಲು ಪಠ್ಯಪುಸ್ತಕದ್ದು. ಮೂರನ್ನೂ ಬೋರ್ಡಿನ ಮೇಲೆ ಒಂದೇ ಸಾಲಲ್ಲಿ ಬರೆದು, ಪರೀಕ್ಷೆಯಲ್ಲಿ ಬರೆಯೋದು ಇದು ಅಂತ ‘ಹಾಲು’ ತೋರಿಸಿದರೆ ಮಕ್ಕಳು ಬೇಗ ಹಿಡಿಯುತ್ತಾರೆ. ಪಲ್ಲು ಅಂದ್ರೆ ಹಲ್ಲು, ಪೂವು ಅಂದ್ರೆ ಹೂವು ಅಂತ ತಾವೇ ಹುಡುಕಿ ತರುತ್ತಾರೆ. ಬೈದರೆ ಏನಾಗುತ್ತೆ? ಹೆದರಿದ ಮಗು ಇರಲಿ ಅಂತ ಎಲ್ಲ ಕಡೆ ಹಕಾರ ಹಚ್ಚುತ್ತೆ. ಆಗ ಅಕ್ಕಿ ಹಕ್ಕಿಯಾಗುತ್ತೆ, ಆನೆ ಹಾನೆಯಾಗುತ್ತೆ.

ದಖ್ಖನಿ ಮಗುವಿನ ಬಾಯಲ್ಲಿ ಹಳ್ಳಿ ಹೋಗಿ ಹಲ್ಲಿ ಆಗೋದು ಅದರ ಮನೆಮಾತಿನಲ್ಲಿ ಳಕಾರ ಇಲ್ಲದ್ದರಿಂದ. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ, ಹಾಗಾಗಿ ಕಾಳಿ, ಗಾಳಿ ಕಲೆಸಿಹೋಗುತ್ತವೆ. ಇಲ್ಲಿ ನೂರು ಸಲ ಬರೆಸೋದರಿಂದ ಏನೂ ಉಪಯೋಗವಿಲ್ಲ. ಎರಡು ಚಿತ್ರ ಇಟ್ಟು, ನಾನು ಹೇಳಿದ್ದನ್ನ ಮುಟ್ಟು ಅನ್ನುತ್ತೇನೆ. ಮೊದಲು ಕಿವಿ, ಆಮೇಲೆ ಬಾಯಿ, ಕೈ ಕಡೆಗೆ. ಮಹಾಪ್ರಾಣದ ತಕ್ಕಡಿಯಲ್ಲಿ ಮಗುವಿನ ಬುದ್ಧಿ ತೂಗುವ ಚಟ ನಮ್ಮಲ್ಲಿ ಹಳೇದು. ಅದನ್ನು ಮೂರನೇ ಕ್ಲಾಸಿನ ತನಕ ಮುಟ್ಟದಿದ್ದರೂ ಆಕಾಶ ಬೀಳಲ್ಲ.

ಹಾಗಂತ ಎಲ್ಲವೂ ಭಾಷೆಯ ತೊಡಕೇ ಅಂತ ತಿಳಿಯಬಾರದು. ಬೋರ್ಡಿನದನ್ನು ತಪ್ಪಾಗಿ ಇಳಿಸಿಕೊಳ್ಳುವ ಮಗುವನ್ನು ಮುಂದೆ ಕೂರಿಸಿ ನೋಡಿ. ಸರಿಹೋದರೆ ಬೇಕಾದ್ದು ಕನ್ನಡಕ. ಬೆನ್ನ ಹಿಂದಿನಿಂದ ಮೆಲ್ಲಗೆ ಹೆಸರು ಕರೆದು ನೋಡಿ. ಮನೆಮಾತಿನಲ್ಲಿ ಒಂದು ಕತೆ ಹೇಳಿಸಿ. ಸೊಗಸಾಗಿ ಹೇಳಿದ ಮಗು ದಡ್ಡ ಅಲ್ಲ ಅನ್ನೋದು ಅಲ್ಲಿಗೇ ತೀರ್ಮಾನವಾಗುತ್ತೆ. ಆಮೇಲೂ ವರ್ಷಗಟ್ಟಲೆ ಅಕ್ಷರಗಳು ತಿರುವುಮುರುವಾದರೆ ಅದು ಕಲಿಕಾ ನ್ಯೂನತೆ ಇರಬಹುದು, ಪರೀಕ್ಷೆ ಮಾಡಿಸಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳಲ್ಲಿ ಅದೂ ಒಂದು. ದಲಿತ ಮಗುವಿನ ವಿಷಯದಲ್ಲಿ ಈ ಅನುಮಾನ ಮೇಷ್ಟ್ರಿಗೆ ಬರೋದೇ ಇಲ್ಲ. ‘ಅವರ ಮನೇಲಿ ಓದಿದವರು ಯಾರಿದಾರೆ’ ಅನ್ನೋ ಉತ್ತರ ಮೊದಲೇ ಸಿದ್ಧವಾಗಿರುತ್ತಲ್ಲ.

ಸ್ಕಾಲರ್‌ಶಿಪ್ಪಿನ ಹೊತ್ತಲ್ಲಿ ‘ಎಸ್ಸಿಗಳೆಲ್ಲ ಎದ್ದು ನಿಲ್ಲಿ’ ಅನ್ನುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಎದ್ದು ನಿಂತ ಮಗು ಆಮೇಲೆ ಬಾಯಿ ಬಿಡಲ್ಲ. ಆ ಪಟ್ಟಿಯ ಕೆಲಸ ಆಫೀಸು ರೂಮಿನಲ್ಲಿ, ತಾಯಿ ತಂದೆ ಜೊತೆ ಆಗಬೇಕು. ಅಪ್ಪನ ಕೆಲಸ ಏನು ಅಂತ ಎಲ್ಲರೆದುರು ಕೇಳೋದನ್ನೂ ನಿಲ್ಲಿಸಬೇಕು.

ತಡವಾಗಿ ಬರುವವರ ಮಾತೊಂದು ಉಳಿಯಿತು. ಪೌರಕಾರ್ಮಿಕ ತಾಯಿ ನಸುಕಿಗೇ ಪೊರಕೆ ಹಿಡಿದು ಹೊರಟಿರುತ್ತಾಳೆ. ತಮ್ಮನಿಗೆ ಉಣ್ಣಿಸಿ, ಅಂಗನವಾಡಿಗೆ ಬಿಟ್ಟು ಬರುವವಳು ನಮ್ಮ ವಿದ್ಯಾರ್ಥಿನಿ. ಅವಳನ್ನು ಬಾಗಿಲಲ್ಲಿ ನಿಲ್ಲಿಸಿ ಏನು ಸಾಧಿಸಿದ ಹಾಗಾಯಿತು? ನಾನು ಮೊದಲ ಅರ್ಧ ಗಂಟೆ ಹೊಸ ಪಾಠ ತೆಗೆಯೋದಿಲ್ಲ. ನಿನ್ನೆಯದನ್ನೇ ಮಕ್ಕಳ ಹತ್ರ ಮಾತಾಡಿಸುತ್ತೇನೆ. ಅವಳು ಬಂದು ಕೂತ ಮೇಲೆ ಪುಸ್ತಕ ತೆಗೆಸುತ್ತೇನೆ.