ಪಾಠ ಮಾಡುವವರ ಪಾಠ ನೋಡುವವರು ಯಾರು?

1973ರಲ್ಲಿ ಅಮೆರಿಕದ ‘ಜರ್ನಲ್ ಆಫ್ ಮೆಡಿಕಲ್ ಎಜುಕೇಷನ್’ ಒಂದು ಪ್ರಯೋಗದ ವರದಿ ಪ್ರಕಟಿಸಿತು. ಮೈಕೆಲ್ ಫಾಕ್ಸ್ ಎಂಬ ನಟನಿಗೆ ‘ಡಾ. ಮೈರನ್ ಫಾಕ್ಸ್’ ಎಂದು ಹೆಸರಿಟ್ಟು, ವೈದ್ಯ ಶಿಕ್ಷಣಕ್ಕೆ ಗೇಮ್ ಥಿಯರಿಯ ಅನ್ವಯ ಎಂಬ ವಿಷಯದ ಮೇಲೆ ಬೇಕೆಂದೇ ಹುರುಳಿಲ್ಲದ ಭಾಷಣ ಮಾಡಿಸಲಾಗಿತ್ತು. ಅದನ್ನು ಎದುರಿಗೋ ವಿಡಿಯೊದಲ್ಲೋ ಕೇಳಿದ ಮನೋವೈದ್ಯರು, ಶಿಕ್ಷಕರು ಸೇರಿ 55 ಮಂದಿಯಲ್ಲಿ ಹೆಚ್ಚಿನವರು ಮೆಚ್ಚಿಕೊಂಡರು. ಮಾತಿನ ಸೊಗಸು ಕಲಿಕೆಯ ವೇಷ ತೊಡಬಲ್ಲದು. ಹಾಗಿರುವಾಗ ವೈದ್ಯಕೀಯ, ನರ್ಸಿಂಗ್ ಶಿಕ್ಷಕರನ್ನು ಅಳೆಯಲು ವಿದ್ಯಾರ್ಥಿಗಳು ತುಂಬುವ ಫೀಡ್‌ಬ್ಯಾಕ್ ಫಾರಂ ಒಂದನ್ನೇ ನೆಚ್ಚಿಕೊಳ್ಳುವುದು ಸರಿಯಲ್ಲ. ಮೇಷ್ಟ್ರ ದನಿ ಕೇಳಿಸಿತೇ, ಅವರು ಗೌರವದಿಂದ ನಡೆದುಕೊಂಡರೇ ಎಂಬುದನ್ನು ವಿದ್ಯಾರ್ಥಿಯೇ ಹೇಳಬೇಕು, ನಿಜ. ಆದರೆ ಹೇಳಬೇಕಿದ್ದೂ ಹೇಳದೆ ಬಿಟ್ಟದ್ದೇನು ಎಂಬುದು ಅವನಿಗೆ ತಿಳಿಯುವುದು ಹೇಗೆ?

ಅದು ತಿಳಿಯುವುದು ಅದೇ ವಿಷಯ ಕಲಿಸುವ ಸಹೋದ್ಯೋಗಿಗೆ. ವಾರ್ಡಿನಲ್ಲಿ ಗುಲ್ಮ ಪರೀಕ್ಷೆಯ ಪಾಠ ನಡೆದಿದೆ ಎನ್ನಿ. ಶಿಕ್ಷಕರ ಕೈ ರೋಗಿಯ ಬಲ ಕೆಳಹೊಟ್ಟೆಯಿಂದ ಎಡ ಪಕ್ಕೆಲುಬಿನತ್ತ ಸಾಗುತ್ತಿದೆ. ‘ಉಸಿರು ಎಳೆದುಕೊಳ್ಳಿ’ ಎನ್ನುತ್ತಾರೆ. ಪ್ರಶ್ನೆ ಕೇಳುತ್ತಾರೆ, ಯಾರೂ ಬಾಯಿ ತೆರೆಯುವ ಮೊದಲೇ ಉತ್ತರವನ್ನೂ ತಾವೇ ಹೇಳುತ್ತಾರೆ. ಹಿಂದಿನ ಸಾಲಿನವರಿಗೆ ಕಾಣುತ್ತಿರುವುದು ಅವರ ಬೆನ್ನು ಮಾತ್ರ. ಮಂಚದ ಕಾಲ್ದೆಸೆಯಲ್ಲಿ ನಿಂತ ಸಹೋದ್ಯೋಗಿಗೆ ಇದಿಷ್ಟೂ ಕಾಣುತ್ತದೆ.

ಡಾ. ಫಾಕ್ಸ್‌ಗೆ ಮರುಳಾದವರೂ ಕಲಿತವರೇ ಅಲ್ಲವೇ ಎಂದರೆ, ಹೌದು. ಈ ಆಕ್ಷೇಪಣೆಗೆ ತೂಕವಿದೆ. ಆದರೆ ಗೇಮ್ ಥಿಯರಿ ಅವರ ಕ್ಷೇತ್ರವಾಗಿರಲಿಲ್ಲ. ಏನನ್ನು ಗಮನಿಸಬೇಕೆಂದು ಮೊದಲೇ ಮಾತಾಗಿರಲಿಲ್ಲ. ಅವರು ಬಂದದ್ದು ಕೇಳುಗರಾಗಿ. ಆದ್ದರಿಂದಲೇ ಸಹೋದ್ಯೋಗಿ ವಿಮರ್ಶೆಗೆ ಮೂರು ಹಂತ ಬೇಕು: ಇಂದು ವಿದ್ಯಾರ್ಥಿ ಏನು ಮಾಡಲು ಕಲಿಯಬೇಕೆಂದು ತರಗತಿಗೆ ಮುನ್ನ ಮಾತುಕತೆ, ನಡುವೆ ಶಿಕ್ಷಕರಿಗಿಂತ ವಿದ್ಯಾರ್ಥಿಗಳ ಮೇಲೆಯೇ ಹೆಚ್ಚು ಕಣ್ಣು, ಆಮೇಲೆ ಖಾಸಗಿ ಚರ್ಚೆ. ಬಿಡುವಿಲ್ಲ ಎಂಬ ದೂರನ್ನು ವರ್ಷಕ್ಕೆ ಎರಡೇ ತರಗತಿ ನೋಡಿ ನೀಗಿಸಬಹುದು. ಅಷ್ಟು ಸುಲಭವಾಗಿ ನೀಗದ್ದು ಭಯ. ವಿಭಾಗದ ಮುಖ್ಯಸ್ಥರೇ ಪುಸ್ತಕ ಹಿಡಿದು ಬಂದು ನಿಂತರೆ ಕಿರಿಯ ಶಿಕ್ಷಕಿ ಪಾಠ ಮಾಡುವುದಿಲ್ಲ, ಪರೀಕ್ಷೆ ಬರೆಯುತ್ತಾಳೆ. ಹಾಗಾಗಿ ಪಾಠ ನೋಡಿದವರು ಬರೆದುಕೊಂಡ ಟಿಪ್ಪಣಿ ಬಡ್ತಿಯ ಕಡತಕ್ಕೆ ಸೇರಲೇಬಾರದು. ಜೊತೆಗಾರರನ್ನು ಶಿಕ್ಷಕರೇ ಆರಿಸಿಕೊಳ್ಳಬೇಕು, ನೋಡಿದವರ ಪಾಠವನ್ನೂ ಇನ್ನೊಮ್ಮೆ ನೋಡಬೇಕು. ಭಾರತದ ಎಂಬಿಬಿಎಸ್‌ಗೆ 2019ರಲ್ಲಿ ಬಂದ ಸಾಮರ್ಥ್ಯಾಧಾರಿತ ಪಠ್ಯಕ್ರಮವು ವಿದ್ಯಾರ್ಥಿಯ ಕೌಶಲವನ್ನು ಕಣ್ಣಾರೆ ನೋಡಿ ಪ್ರಮಾಣೀಕರಿಸಿ ಎನ್ನುತ್ತದೆ. ಹಾಗೆ ನೋಡುವ ಶಿಕ್ಷಕರು ಕಲಿಸುವುದನ್ನು ಮಾತ್ರ ಯಾರೂ ನೋಡದಿದ್ದರೆ, ಆ ಪಾಠದ ಕೊರತೆ ಮೊದಲು ತಿಳಿಯುವುದು ಹೊಸ ವೈದ್ಯರ ಕೈ ತಡವರಿಸುವ ರೋಗಿಯ ಹೊಟ್ಟೆಗೆ.