ಬೇಸಿಗೆಯ ಅಣ್ಣಂದಿರು, ಅಕ್ಕಂದಿರು

ಅಮೆರಿಕದ ಫಿಲಡೆಲ್ಫಿಯಾ ನಗರದ ಎದುರಿಗೆ, ಡೆಲವೇರ್ ನದಿಯ ಆಚೆ ದಡದಲ್ಲಿ ಕ್ಯಾಮ್ಡೆನ್ ಇದೆ. ಒಂದು ಕಾಲಕ್ಕೆ ಹಡಗು, ಗ್ರಾಮಫೋನು, ಡಬ್ಬಿ ಸೂಪುಗಳಿಗೆ ಹೆಸರಾದ ಊರು. ಕಾರ್ಖಾನೆಗಳು ಮುಚ್ಚಿದವು, ಉಳ್ಳವರು ಊರು ಬಿಟ್ಟರು, ಬಡತನ ಉಳಿಯಿತು.

ಇಲ್ಲಿ 1988ರಲ್ಲಿ ಆರಂಭವಾದ ಕ್ರೈಸ್ತ ಸಂಸ್ಥೆ 'ಅರ್ಬನ್ ಪ್ರಾಮಿಸ್' ರಜೆಯಲ್ಲಿ ಮಕ್ಕಳ ಶಿಬಿರ ನಡೆಸುತ್ತದೆ. ಕಾಲೇಜು ವಿದ್ಯಾರ್ಥಿಗಳು 'ಇಂಟರ್ನ್'ಗಳಾಗಿ ಬಂದು ದುಡಿಯುತ್ತಾರೆ. ಓದು, ಆಟ, ಹಾಡು, ಬೈಬಲ್ ಕಥೆ ಎಲ್ಲವೂ ಉಂಟು.

ರಜೆಯಲ್ಲೇ ಏಕೆ? ಶಾಲೆ ಮುಚ್ಚಿದರೆ ಬಡ ಮಕ್ಕಳಿಗೆ ಶಾಲೆಯ ಊಟವೂ ಇಲ್ಲ. ಕಲಿಕೆಗೂ ಪೆಟ್ಟು. 1982ರಲ್ಲಿ ಬಾಲ್ಟಿಮೋರ್‌ನ ಒಂದನೇ ತರಗತಿಯಲ್ಲಿದ್ದ ಮಕ್ಕಳನ್ನು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಕಾರ್ಲ್ ಅಲೆಗ್ಸಾಂಡರ್ ಮತ್ತು ಡೋರಿಸ್ ಎಂಟ್‌ವಿಸಲ್ ವರ್ಷಗಟ್ಟಲೆ ಗಮನಿಸಿದರು. ಬಡವರ ಮಕ್ಕಳು ಹಿಂದೆ ಬಿದ್ದದ್ದು ಹೆಚ್ಚಾಗಿ ರಜೆಯಲ್ಲಿ ಎಂಬುದು ಅವರಿಗೆ ಕಂಡ ಅಂಶ. ಅಂತರ ಎಷ್ಟೆಂಬ ಚರ್ಚೆ ಇನ್ನೂ ನಡೆದಿದೆ.

ಆದರೆ ತೊಡಕೊಂದಿದೆ. ಬೇಸಿಗೆ ಮುಗಿದೊಡನೆ ಇಂಟರ್ನ್ ಕಾಲೇಜಿಗೆ ಮರಳಬೇಕು. ಅಷ್ಟರಲ್ಲಿ ಮಗು ಹಚ್ಚಿಕೊಂಡಿರುತ್ತದೆ. 'ಮುಂದಿನ ವರ್ಷವೂ ಬರ್ತೀರಾ?' ಎಂದು ಅದು ಕೇಳಿದರೆ, ನಡೆಸಲಾಗದ ಮಾತು ಕೊಡಬಾರದು. ಈ ಕೆಲಸದಲ್ಲಿ ಕಲಿಯುವ ದೊಡ್ಡ ಪಾಠ ಇದೇ.

ಸಂಸ್ಥೆ ಅದೇ ಊರಿನ ಹದಿಹರೆಯದವರನ್ನೂ 'ಸ್ಟ್ರೀಟ್ ಲೀಡರ್'ಗಳೆಂದು ಸಂಬಳಕ್ಕೆ ನೇಮಿಸಿಕೊಂಡು ತರಬೇತಿ ಕೊಡುತ್ತದೆ. ಇಂಟರ್ನ್ ಹೋದ ಮೇಲೂ ಮಗುವಿಗೆ ಬೀದಿಯಲ್ಲಿ ಪರಿಚಿತ ಮುಖವೊಂದು ಉಳಿಯುತ್ತದೆ.

ರಜೆಯಲ್ಲಿ ಸೇವೆಗೆ ಹೊರಟ ಮಕ್ಕಳನ್ನು ಹೆತ್ತವರು ತಡೆಯಬೇಕಿಲ್ಲ. 'ನೀನು ಹಿಂತಿರುಗಿದ ಮೇಲೆ ಆ ಮಕ್ಕಳಿಗೆ ಯಾರಿರುತ್ತಾರೆ?' ಎಂದಷ್ಟೇ ಕೇಳಿ. ಉತ್ತರವಿರುವ ಕಡೆಗೆ ಧೈರ್ಯವಾಗಿ ಕಳಿಸಿ.