ಮನೆ ಕೊಳ್ಳುವ ಮುನ್ನ ನೆಲಜಲಗಳ ಪರೀಕ್ಷೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದುದು ವೆಚ್ಚವನ್ನೂ ತಾಪತ್ರಯವನ್ನೂ ನೆನೆದು. ಈಗ ಬೆಂಗಳೂರಿನ ಹೊರವಲಯದಲ್ಲಿ ಮನೆ ಮಾಡುವ ಗೃಹಸ್ಥನು ಮತ್ತೊಂದನ್ನೂ ನೋಡಬೇಕಾಗಿದೆ. ಅವನು ಕ್ರಯಪತ್ರವನ್ನು ವಕೀಲರಿಂದ ಓದಿಸುತ್ತಾನೆ; ಋಣಭಾರ ಪತ್ರವನ್ನು ತರಿಸುತ್ತಾನೆ; ವಾಸ್ತುವನ್ನೂ ಕೇಳುತ್ತಾನೆ. ಆದರೆ ಆ ನೆಲವು ಹಿಂದೆ ಏನಾಗಿತ್ತು, ಅದರಡಿಯ ನೀರು ಎಂತಹದು ಎಂದು ವಿಚಾರಿಸುವವರು ವಿರಳ. ಕ್ರಯಪತ್ರದಲ್ಲಿ ಈ ಸಂಗತಿಗಳು ಸಿಕ್ಕುವುದಿಲ್ಲ. ಜೀವಮಾನದ ಗಳಿಕೆಯನ್ನು ಸುರಿದು, ಸಾಲವನ್ನು ತಲೆಯ ಮೇಲೆ ಹೊತ್ತ ಬಳಿಕ ತಿಳಿದರೆ ಫಲವೇನು? ಆದುದರಿಂದ ಮುಂಗಡ ಕೊಡುವುದಕ್ಕೆ ಮೊದಲೇ ಮಾಡತಕ್ಕ ಪರೀಕ್ಷೆಗಳನ್ನು ಇಲ್ಲಿ ವಿವರಿಸುವೆವು.

ನೆಲದ ಪೂರ್ವೋತ್ತರ

ಒಮ್ಮೊಮ್ಮೆ ಊರಿನ ಹೆಸರೇ ಸುಳಿವು ಕೊಡುವುದುಂಟು. ಎಲೆಕ್ಟ್ರಾನಿಕ್ ಸಿಟಿಯ ಆಸುಪಾಸಿನ ಬೊಮ್ಮಸಂದ್ರ, ಸಿಂಗಸಂದ್ರ ಎಂಬ ಹೆಸರುಗಳಲ್ಲಿರುವ 'ಸಂದ್ರ'ವು 'ಸಮುದ್ರ'ದ ರೂಪಾಂತರವೆನ್ನುವರು. ದೊಡ್ಡ ಕೆರೆಯನ್ನು ಸಮುದ್ರವೆಂದು ಕರೆಯುವುದು ನಮ್ಮ ನಾಡಿನ ಹಳೆಯ ವಾಡಿಕೆ. ಹೆಸರಿನಿಂದಲೇ ತೀರ್ಮಾನಿಸಲಾಗದು, ಸರ್ವೆ ಇಲಾಖೆಯ ಗ್ರಾಮನಕ್ಷೆಯನ್ನು ತರಿಸಿ ನೋಡಬೇಕು. ಕೆರೆ, ಹಳ್ಳ, ಕಾಲುವೆಗಳು ಅದರಲ್ಲಿ ಗುರುತಾಗಿರುತ್ತವೆ. ಪಹಣಿಯಲ್ಲಿ ಬಿ ಖರಾಬು ಎಂದು ತೋರಿಸಿದ್ದರೆ, ಆ ಭಾಗವು ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಜಾಗವೆಂದು ತಿಳಿಯತಕ್ಕದ್ದು.

ಒಂದು ಕೆರೆಯ ಕೋಡಿಯ ನೀರು ಮುಂದಿನ ಕೆರೆಗೆ ರಾಜಕಾಲುವೆಯ ಮೂಲಕ ಹರಿಯುವುದು. ಕಾಲುವೆಯನ್ನು ಮುಚ್ಚಿ ಮನೆ ಎಬ್ಬಿಸಿದರೂ ಮಳೆಯ ನೀರು ತಗ್ಗನ್ನೇ ಹುಡುಕಿಕೊಂಡು ಬರುವುದು. ೨೦೨೨ನೆಯ ಸೆಪ್ಟೆಂಬರಿನಲ್ಲಿ ಯಮಲೂರು, ಸರ್ಜಾಪುರ ರಸ್ತೆಗಳ ಕಡೆ ಬಹು ಬೆಲೆಯ ಮನೆಗಳಿಗೂ ನೀರು ನುಗ್ಗಿ, ನಿವಾಸಿಗಳನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. ಕೆರೆಕಾಲುವೆಗಳಿಂದ ಇಷ್ಟು ದೂರ ಬಿಡಬೇಕೆಂಬ ನಿಯಮವೂ ಒಂದೇ ತೆರನಾಗಿ ನಿಂತಿಲ್ಲ. ೨೦೧೬ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಕೆರೆಗಳಿಗೆ ೭೫ ಮೀಟರ್ ಎಂದು ವಿಧಿಸಿತು. ೨೦೧೯ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿತು. ಆದಕಾರಣ ಈಗಿನ ನಿಯಮವನ್ನು ಯೋಜನಾ ಪ್ರಾಧಿಕಾರದಿಂದ ಲಿಖಿತವಾಗಿಯೇ ಪಡೆಯುವುದು ಲೇಸು.

ಬಾವಿಯ ನೀರು

ಪೀಣ್ಯದ ಕಥೆ ಬೇರೆ. ಅಲ್ಲಿ ಲೋಹಕ್ಕೆ ವಿದ್ಯುತ್ತಿನಿಂದ ಹೊಳಪಿನ ಹೊದಿಕೆ ಕೊಡುವ ಎಲೆಕ್ಟ್ರೋಪ್ಲೇಟಿಂಗ್ ಕಾರ್ಖಾನೆಗಳು ಬಹಳ. ಇಂತಹ ಕೆಲಸದಲ್ಲಿ ಬಳಸುವ ಕ್ರೋಮಿಯಮ್ಮಿನ ವಿಷರೂಪವು ಆ ಪ್ರದೇಶದ ಅಂತರ್ಜಲದಲ್ಲಿ ಬೆರೆತಿರುವುದು ಪರೀಕ್ಷೆಗಳಿಂದ ಕಂಡುಬಂದಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ ೦.೦೫ ಮಿಲಿಗ್ರಾಮಿಗಿಂತ ಹೆಚ್ಚು ಕ್ರೋಮಿಯಂ ಇರಕೂಡದೆಂಬುದು ಭಾರತೀಯ ಮಾನಕ. ಇಷ್ಟು ಅಲ್ಪ ಪ್ರಮಾಣವನ್ನು ಕಣ್ಣೂ ನಾಲಗೆಯೂ ಅರಿಯಲಾರವು. ಚರಂಡಿ, ಶೌಚಗುಂಡಿಗಳಿಂದ ಇಳಿಯುವ ನೈಟ್ರೇಟ್ ಮತ್ತೊಂದು ಶತ್ರು. ಅದರ ಮಿತಿ ಲೀಟರಿಗೆ ೪೫ ಮಿಲಿಗ್ರಾಂ. ಅದು ಮೀರಿದ ನೀರನ್ನು ಹಸುಗೂಸಿನ ಹಾಲಿಗೆ ಬೆರೆಸಿದರೆ ರಕ್ತದಲ್ಲಿ ಪ್ರಾಣವಾಯುವಿನ ಸಾಗಣೆ ಕುಂದಿ ಮಗುವಿನ ಮೈ ನೀಲಿಗಟ್ಟುವ ಅಪಾಯವುಂಟು.

ಕುದಿಸಿದರೆ ಸಾಕಲ್ಲವೇ ಎಂದು ಗೃಹಿಣಿಯರು ಕೇಳುವರು. ಕುದಿಸುವುದರಿಂದ ರೋಗಾಣುಗಳು ಸಾಯುವುವು, ನಿಜ. ಕ್ರೋಮಿಯಮ್ಮಾಗಲಿ ನೈಟ್ರೇಟಾಗಲಿ ಹೋಗುವುದಿಲ್ಲ. ನೀರು ಆವಿಯಾಗಿ ಕಡಮೆಯಾದಷ್ಟೂ ಉಳಿದ ನೀರಿನಲ್ಲಿ ಅವು ಸಾಂದ್ರವಾಗುವುವು. ಆದುದರಿಂದ ಕೊಳವೆಬಾವಿಯ ಮೋಟಾರನ್ನು ಸ್ವಲ್ಪ ಹೊತ್ತು ಓಡಿಸಿ, ಪ್ರಯೋಗಶಾಲೆಯವರು ಕೊಟ್ಟ ಸೀಸೆಯಲ್ಲಿಯೇ ನೀರು ಹಿಡಿದು, ಮಾನ್ಯತೆ ಪಡೆದ ಪ್ರಯೋಗಶಾಲೆಗೆ ಕಳುಹಿಸಬೇಕು. ಸೀಸ, ಕ್ರೋಮಿಯಂ, ನೈಟ್ರೇಟ್, ಫ್ಲೋರೈಡ್‌ಗಳನ್ನು ಹೆಸರಿಸಿಯೇ ಪರೀಕ್ಷೆಗೆ ಕೇಳತಕ್ಕದ್ದು. ಕೇಳದಿದ್ದರೆ ಲೋಹಗಳ ಪರೀಕ್ಷೆ ಬಿಟ್ಟುಹೋಗಬಹುದು. ಟ್ಯಾಂಕರಿನ ನೀರನ್ನೇ ನಂಬಿದ ವಠಾರವಾದರೆ ಆ ನೀರು ಯಾವ ಬಾವಿಯದೆಂದೂ ವಿಚಾರಿಸಬೇಕು.

ಗಾಳಿ ಮತ್ತು ಗೋಡೆ

ವೈಟ್‌ಫೀಲ್ಡಿನ ಕಡೆಯ ವರ್ತೂರು ಕೆರೆಗೆ ಬೆಳ್ಳಂದೂರು ಕೆರೆಯ ನೀರು ಹರಿದು ಬರುವುದು. ಕೊಳಚೆ, ಸಾಬೂನುಗಳ ನೊರೆ ಈ ಕೆರೆಗಳಿಂದ ರಸ್ತೆಗೆ ಹಾರಿದುದನ್ನೂ, ೨೦೧೭ರ ಫೆಬ್ರವರಿಯಲ್ಲಿಯೂ ೨೦೧೮ರ ಜನವರಿಯಲ್ಲಿಯೂ ಬೆಳ್ಳಂದೂರಿನ ಕೆರೆಯಂಗಳದಲ್ಲಿ ಬೆಂಕಿ ಎದ್ದುದನ್ನೂ ಜನರು ಮರೆತಿಲ್ಲ. ಇಂತಹ ನೆರೆಹೊರೆಯ ಮನೆಯನ್ನು ಭಾನುವಾರದ ಹಗಲು ಒಮ್ಮೆ ನೋಡಿದರೆ ಸಾಲದು. ಕೆಲಸದ ದಿನ ರಾತ್ರಿಯೂ, ಬೆಳಗಿನ ಜಾವವೂ, ದೊಡ್ಡ ಮಳೆಯ ಮರುದಿನವೂ ಹೋಗಿ, ವಾಸನೆಯನ್ನೂ ಹೊಗೆಯನ್ನೂ ಗೋಡೆಯ ಮೇಲಿನ ನೀರಿನ ಗೆರೆಯನ್ನೂ ಗಮನಿಸಬೇಕು. ಹಾಲಿನವನು, ಅಗಸನು, ಬೀದಿಯ ಮೂಲೆಯ ಅಂಗಡಿಯವನು ಹೇಳುವಷ್ಟು ನಿಜವನ್ನು ದಲ್ಲಾಳಿ ಹೇಳನು.

ಹಳೆಯ ಮನೆಯಾದರೆ ಗೋಡೆಯ ಬಣ್ಣವನ್ನು ಒಣದಾಗಿ ಕೆರೆಸಬೇಡಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸವನ್ನು ಮಿತಗೊಳಿಸುವ ನಿಯಮವು ನಮ್ಮಲ್ಲಿ ೨೦೧೬ರಲ್ಲಿ ಬಂದಿತು. ಅದಕ್ಕೆ ಹಿಂದಿನ ಬಣ್ಣದ ಧೂಳು ಮಕ್ಕಳ ಮಿದುಳಿಗೆ ಹಾನಿಕರವಾಗಬಹುದು. ಕಲ್ನಾರಿನ ಶೀಟುಗಳನ್ನೂ ಒಡೆಯಬಾರದು, ಗರಗಸದಿಂದ ಕೊಯ್ಯಬಾರದು. ಅದರ ನವಿರಾದ ಎಳೆಗಳು ಶ್ವಾಸಕೋಶದಲ್ಲಿ ನೆಟ್ಟು, ಬಹು ವರ್ಷಗಳ ತರುವಾಯ ಕ್ಯಾನ್ಸರಿಗೆ ಕಾರಣವಾಗಬಲ್ಲವು.

ಈ ಪರೀಕ್ಷೆಗಳಿಗೆ ಕೆಲವು ವಾರಗಳೂ, ಮನೆಯ ಬೆಲೆಯೊಡನೆ ಹೋಲಿಸಿದರೆ ಅತ್ಯಲ್ಪ ಹಣವೂ ಸಾಕು. ಒಂದು ಸೀಸೆ ನೀರು ಹಿಡಿದುಕೊಳ್ಳಲು ಒಪ್ಪದ ಮಾರಾಟಗಾರನೊಡನೆ ವ್ಯವಹಾರವನ್ನು ಮುಂದುವರಿಸಬೇಡಿರಿ. ಮನೆಯ ಮಕ್ಕಳು ದಿನವೂ ಕುಡಿಯತಕ್ಕ ನೀರು ಅದೇ ತಾನೆ?